ಒಲ್ಲೆನೆಂದ ಮಗಳೂ ತಂದೆಯ ಕೋಪವೂ

(ಶ್ರೀಮಠದ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)



ಇಂಥ ಮಹೋತ್ಸವದ ಸಭೆಗಳಲ್ಲಿ ಅಷ್ಟಾವರಣ, ಪಂಚಾಚಾರ, ಷಟ್‌ಸ್ಥಲಗಳ ವಿಚಾರವು ನಡೆಯುವುದು ರೂಢಿಯಾಗಿದೆ. ಅವುಗಳನ್ನು ವಿವರಿಸಬಲ್ಲ ಪ್ರಾಜ್ಞರು ಈ ವೇದಿಕೆಯ ಮೇಲೆ ಅನೇಕರಿದ್ದಾರೆ. ಇಂದಿನ ಉಪನ್ಯಾಸದ ವಿಷಯವು ಅಷ್ಟು ಎತ್ತರದ್ದಲ್ಲ. ಅದು ಮನೆಯ ಪಡಸಾಲೆಯದು. ತಂದೆಯು ಗೊತ್ತುಮಾಡಿದ ವರನನ್ನು ಮಗಳು ಒಲ್ಲೆನೆಂದಾಗ ತಂದೆಗೆ ಬರುವ ಕೋಪವು ಎಂಥದು, ಅದು ಎಲ್ಲಿಂದ ಹುಟ್ಟುತ್ತದೆ, ಪುರಾಣಗಳಲ್ಲಿಯೂ ಶರಣರ ಚರಿತ್ರೆಗಳಲ್ಲಿಯೂ ಬರುವ ತಂದೆಗಳು ಆ ಕೋಪವನ್ನು ಏನು ಮಾಡಿದರು ಎಂಬುದೇ ಆ ವಿಷಯವು. ಭಕ್ತರು ಮಳೆಬೆಳೆಯ ಮಾತು ಮುಗಿದ ಮೇಲೆ ಗುರುಗಳ ಮುಂದೆ ದನಿಯನ್ನು ತಗ್ಗಿಸಿ ಹೇಳಿಕೊಳ್ಳುವ ಸಂಕಟಗಳಲ್ಲಿ ಇದೂ ಒಂದು. ಆದಕಾರಣ ಮಠದ ಸಭೆಯಲ್ಲಿ ಇದರ ವಿಚಾರವು ಅಪ್ರಸ್ತುತವಾಗಲಾರದು.

ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಯಜಮಾನನು ಸದಾಚಾರಿ, ತ್ರಿಕಾಲವಲ್ಲದಿದ್ದರೂ ಎರಡು ಹೊತ್ತು ತಪ್ಪದೆ ಲಿಂಗಪೂಜೆ ಮಾಡತಕ್ಕವನು. ಮಗಳು ಪ್ರಾಯಕ್ಕೆ ಬಂದವಳು, ವಿದ್ಯೆಯನ್ನು ಕಲಿತವಳು. ಬಂಧುಗಳಲ್ಲಿ ಹಿರಿಯರೊಬ್ಬರು ಒಂದು ನಂಟಸ್ತಿಕೆಯನ್ನು ತಂದರು. ಹೊಲಮನೆಯುಳ್ಳ ಮನೆತನ, ಹುಡುಗನು ಉದ್ಯೋಗಸ್ಥನು, ದುಶ್ಚಟಗಳಿಲ್ಲ. ಯಜಮಾನನು ಹೋಗಿ ಮನೆಯನ್ನು ನೋಡಿಕೊಂಡನು, ನಾಲ್ವರ ಸಮಕ್ಷಮದಲ್ಲಿ ‘ಆಗಲಿ’ ಎಂದನು, ವೀಳ್ಯವನ್ನು ಹಿಡಿದನು, ಸಕ್ಕರೆಯನ್ನು ಹಂಚಿಸಿದನು. ರಾತ್ರಿ ಮನೆಗೆ ಬಂದು ಊಟಕ್ಕೆ ಕುಳಿತು ಹೆಂಡತಿಗೆ ಸಂತೋಷದಿಂದ ಹೇಳುತ್ತಿರುವಾಗ, ಒಳಗಿನಿಂದ ಮಗಳು ಬಂದು ಕಂಬಕ್ಕೆ ಆತು ನಿಂತು, ‘ಅಪ್ಪಾ, ನಾನು ಒಲ್ಲೆ’ ಎಂದಳು.

ಒಲ್ಲೆ ಎಂಬುದು ಎರಡೇ ಅಕ್ಷರಗಳ ಮಾತು. ಯಜಮಾನನು ಮೊದಲು ಅದನ್ನು ಕೇಳಿಸಿಕೊಳ್ಳಲಿಲ್ಲವೆಂಬಂತೆ ಇದ್ದನು. ಎರಡನೆಯ ಸಲ ಅವಳು ಹೇಳಿದಾಗ, ‘ಹುಡುಗನಲ್ಲಿ ಏನು ಕೊರತೆ?’ ಎಂದನು. ಕೊರತೆಯನ್ನು ಹೇಳಲು ಅವಳಿಗೆ ತಿಳಿಯಲಿಲ್ಲ. ‘ನಾಲ್ಕು ಜನರಲ್ಲಿ ನನ್ನ ಮಾತು ಏನಾಗಬೇಕು?’ ಎಂದನು. ಅದಕ್ಕೂ ಉತ್ತರವಿಲ್ಲ. ಕಡೆಗೆ, ‘ನನ್ನ ಮಾತನ್ನು ಮೀರುವವಳು ಈ ಮನೆಯಲ್ಲಿರಬೇಡ’ ಎಂದು ತಣಿಗೆಯನ್ನು ನೂಕಿ ಎದ್ದುಹೋದನು. ತಾಯಿಯು ಸೆರಗಿನಿಂದ ಬಾಯನ್ನು ಮುಚ್ಚಿಕೊಂಡು ನಿಂತಳು. ಇಷ್ಟು ನಡೆಯುವುದಕ್ಕೆ ಅರ್ಧ ಗಳಿಗೆಯೂ ಹಿಡಿಯುವುದಿಲ್ಲ. ಇದರ ಕಹಿಯು ಮಾತ್ರ ಎರಡು ತಲೆಮಾರುಗಳವರೆಗೆ ಉಳಿಯುವುದುಂಟು.

ಕೋಪವು ಕೇಳಿದ ಪ್ರಶ್ನೆಗಳನ್ನು ಗಮನಿಸಬೇಕು. ವರನ ಕೊರತೆ, ನಾಲ್ಕು ಜನರು, ತನ್ನ ಮಾತು, ತನ್ನ ಮನೆ: ಇವೆಲ್ಲವೂ ಅವುಗಳಲ್ಲಿ ಬಂದವು. ‘ನಿನ್ನ ಮನಸ್ಸಿನಲ್ಲಿ ಏನಿದೆ, ತಾಯಿ?’ ಎಂಬ ಒಂದು ಪ್ರಶ್ನೆಯು ಮಾತ್ರ ಬರಲಿಲ್ಲ.

ವರನಲ್ಲಿ ಏನು ಕೊರತೆಯೆಂಬ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ಭಾದ್ರಪದ ಶುದ್ಧ ತದಿಗೆಯ ದಿವಸ ಹೆಣ್ಣುಮಕ್ಕಳು ಹರಿತಾಲಿಕಾ ವ್ರತವನ್ನು ಆಚರಿಸುವುದು ಅನೇಕ ಕಡೆಗಳಲ್ಲಿ ನಡೆದುಬಂದಿದೆ. ಮನೆಯ ಗಂಡಸರು ಆ ದಿನದ ಪಕ್ವಾನ್ನವನ್ನು ಉಣ್ಣುತ್ತಾರೆಯೇ ಹೊರತು ವ್ರತದ ಕಥೆಯನ್ನು ಕುಳಿತು ಕೇಳುವವರು ವಿರಳ. ಕೇಳಿದ್ದರೆ, ಅದು ತಮಗಾಗಿಯೇ ಹೇಳಿದ ಕಥೆಯೆಂದು ತಿಳಿಯುತ್ತಿದ್ದರು. ಪರ್ವತರಾಜನಾದ ಹಿಮವಂತನ ಮಗಳು ಶಿವನನ್ನೇ ಮನಸ್ಸಿನಲ್ಲಿ ನೆಟ್ಟು ತಪಸ್ಸಿಗೆ ತೊಡಗಿದ್ದಳು. ನಾರದರು ಬಂದು, ವಿಷ್ಣುವು ನಿನ್ನ ಮಗಳನ್ನು ಕೇಳುತ್ತಿದ್ದಾನೆ ಎಂದರು. ಹಿಮವಂತನಿಗೆ ಹಿಡಿಸಲಾರದಷ್ಟು ಹಿಗ್ಗು; ಅಲ್ಲಿಯೇ ಒಪ್ಪಿ ಮಾತು ಕೊಟ್ಟುಬಿಟ್ಟನು. ಮಗಳನ್ನು ಕೇಳಬೇಕೆಂಬುದು ಅವನಿಗೆ ಹೊಳೆಯಲೇ ಇಲ್ಲ. ಸುದ್ದಿಯನ್ನು ತಿಳಿದ ಮಗಳು ನೆಲಕ್ಕೆ ಬಿದ್ದು ಅತ್ತಳು. ಆಗ ಅವಳ ಗೆಳತಿಯು ಅವಳನ್ನು ತಂದೆಯ ಮನೆಯಿಂದ ಅಪಹರಿಸಿಕೊಂಡು ಘೋರವಾದ ಅಡವಿಗೆ ಕರೆದೊಯ್ದಳು. ಹರಿತ ಎಂದರೆ ಅಪಹರಿಸಲ್ಪಟ್ಟವಳು, ಆಲಿ ಎಂದರೆ ಗೆಳತಿ. ಗೆಳತಿಯರಿಂದ ಅಪಹರಿಸಲ್ಪಟ್ಟುದರಿಂದಲೇ ಹರಿತಾಲಿಕಾ ಎಂಬ ಹೆಸರು ಬಂದಿತೆಂದು ಹೇಳುತ್ತಾರೆ. ತಂದೆಯು ಗೊತ್ತುಮಾಡಿದ ಮದುವೆಯನ್ನು ಒಲ್ಲದೆ ಮನೆಬಿಟ್ಟುಹೋದ ಮಗಳ ಕಥೆಯನ್ನು, ಒಳ್ಳೆಯ ಗಂಡನು ಸಿಗಲೆಂದು ಹೆಣ್ಣುಮಕ್ಕಳ ಕೈಯಿಂದ ವರ್ಷಕ್ಕೊಮ್ಮೆ ಪೂಜೆಮಾಡಿಸುತ್ತೇವೆ!

ಇಲ್ಲಿ ನೋಡತಕ್ಕದ್ದು ಏನೆಂದರೆ, ಹಿಮವಂತನು ಆರಿಸಿದ ವರನಲ್ಲಿ ಕೊರತೆಯೆಂಬುದು ಎಳ್ಳಷ್ಟೂ ಇರಲಿಲ್ಲ. ವೈಕುಂಠದ ಒಡೆಯನಿಗಿಂತ ಹೆಚ್ಚಿನ ಮನೆತನವನ್ನು ಯಾವ ತಂದೆಯು ತಂದಾನು? ಆದರೂ ಮಗಳು ಒಲ್ಲೆನೆಂದಳು. ಹಾಗಾದರೆ ಒಲ್ಲೆನೆಂಬ ಮಾತು ವರನ ಮೇಲೆ ಹೊರಿಸಿದ ದೋಷವಲ್ಲ, ತಂದೆಯ ಆಯ್ಕೆಯ ಮೇಲೆ ಬರೆದ ಆಕ್ಷೇಪಣೆಯೂ ಅಲ್ಲ. ಅದು ಅವಳ ಮನಸ್ಸಿನ ವರ್ತಮಾನ, ಅಷ್ಟೆ. ತಂದೆಯು ಅದನ್ನು ತನ್ನ ಮೇಲಿನ ತೀರ್ಪೆಂದು ಭಾವಿಸುವುದರಿಂದಲೇ ಅವನಿಗೆ ಉರಿಯು ಹತ್ತುತ್ತದೆ. ಮಗಳನ್ನು ಕಾಣದ ಹಿಮವಂತನಿಗೆ ಮೊದಲು ಬಂದ ಚಿಂತೆಯೂ ಕೊಟ್ಟ ಮಾತಿನದೇ. ವಿಷ್ಣುವಿನ ದಿಬ್ಬಣವು ಬಾಗಿಲಿಗೆ ಬಂದರೆ ಏನು ಗತಿಯೆಂದು ಅವನು ತಲ್ಲಣಿಸಿದನೆಂದು ಕಥೆಯನ್ನು ಹೇಳುವವರು ಸೇರಿಸುವುದುಂಟು. ಆದರೆ ಅಡವಿಯಲ್ಲಿ ಮರಳಿನ ಲಿಂಗದ ಮುಂದೆ ರಾತ್ರಿಯೆಲ್ಲ ಜಾಗರಣೆ ಮಾಡಿದ ಮಗಳನ್ನು ಬೆಳಗಿನಲ್ಲಿ ಕಂಡಾಗ ಅವನು ಅವಳನ್ನು ಎತ್ತಿ ತೊಡೆಯ ಮೇಲೆ ಕೂಡಿಸಿಕೊಂಡನು. ‘ಈ ಕಾಡಿಗೆ ಏಕೆ ಬಂದೆ?’ ಎಂದು ಕೇಳಿದನು. ಮನೆಯಲ್ಲಿಯೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕಾಡಿನಲ್ಲಿ ಕೇಳಿದನು. ತಡವಾದರೂ ಕೇಳಿದನಲ್ಲ. ಅವಳು ಹೇಳಿದಳು, ಅವನು ಒಪ್ಪಿದನು, ವಿಷ್ಣುವಿಗೆ ಕೊಟ್ಟ ಮಾತು ಹೋಯಿತು. ಅದರಿಂದ ಹಿಮವಂತನ ಎತ್ತರವು ಒಂದು ಗೇಣೂ ತಗ್ಗಲಿಲ್ಲ.

ಇನ್ನು ಕೊಟ್ಟ ಮಾತಿನ ವಿಚಾರ. ಕೋಪದ ಬೇರು ಇಲ್ಲಿದೆಯಾದ್ದರಿಂದ ಇದನ್ನು ಸ್ವಲ್ಪ ಶಾಸ್ತ್ರದೃಷ್ಟಿಯಿಂದ ನೋಡಬೇಕು. ಸತ್ಯವಾಕ್ಯವು ಪರಮಧರ್ಮವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಯಾವುದರ ಮೇಲೆ ಮಾತು ಕೊಡಲು ಒಬ್ಬನಿಗೆ ಅಧಿಕಾರವಿದೆ ಎಂಬ ಪ್ರಶ್ನೆಯು ಅದಕ್ಕಿಂತ ಮೊದಲಿನದು. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ದಾನಕ್ಕೆ ಯೋಗ್ಯವಾದುದು ಯಾವುದು, ಅಯೋಗ್ಯವಾದುದು ಯಾವುದು ಎಂದು ವಿಂಗಡಿಸಿದ್ದಾರೆ. ಕುಟುಂಬಕ್ಕೆ ಬಾಧೆಯಾಗದಂತೆ ತನ್ನ ಸ್ವತ್ತನ್ನು ಕೊಡಬಹುದು, ಆದರೆ ಹೆಂಡತಿಮಕ್ಕಳನ್ನು ಬಿಟ್ಟು ಎಂಬುದು ಅಲ್ಲಿಯ ನಿರ್ಣಯವು. ಈ ಸ್ಮೃತಿಗೆ ಮಿತಾಕ್ಷರಾ ಎಂಬ ಜಗತ್ಪ್ರಸಿದ್ಧವಾದ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದವನು. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಎಂದರೆ 1076 ರಿಂದ 1126 ರವರೆಗಿನ ಅವಧಿಯಲ್ಲಿ ಬಾಳಿದವನು. ಮುಂದೆ ಬಸವಣ್ಣನವರ ಪಾದಧೂಳಿಯನ್ನು ಕಂಡ ಕಲ್ಯಾಣವೇ ಅದು. ಪೂರ್ವಮೀಮಾಂಸೆಯಲ್ಲಿಯೂ ವಿಶ್ವಜಿತ್ ಎಂಬ ಸರ್ವಸ್ವದಾನದ ಯಜ್ಞವನ್ನು ವಿಚಾರಿಸುವಾಗ, ಸರ್ವಸ್ವವೆಂದರೆ ತಂದೆತಾಯಿಗಳೇ ಮೊದಲಾದವರೂ ಸೇರುವರೋ ಎಂಬ ಸಂದೇಹವನ್ನು ಎತ್ತಿ, ಯಾವುದರ ಮೇಲೆ ಸ್ವಾಮಿತ್ವವಿದೆಯೋ ಅದನ್ನು ಮಾತ್ರವೇ ಕೊಡಬಹುದು, ಬಂಧುತ್ವವು ಸ್ವಾಮಿತ್ವವಲ್ಲ ಎಂದು ತೀರ್ಮಾನಿಸಿದ್ದಾರೆ.

ಹಾಗಾದರೆ ಕನ್ಯಾದಾನವೆಂಬ ಶಬ್ದವು ಏತಕ್ಕಿದೆ ಎಂದು ಯಾರಾದರೂ ಕೇಳಬಹುದು. ನಿಬಂಧಕಾರರಿಗೂ ಈ ತೊಡಕು ಎದುರಾಗದೆ ಇರಲಿಲ್ಲ. ಹೊಲವನ್ನೋ ಹಸುವನ್ನೋ ಕೊಟ್ಟಂತೆ ಅದು ಮುಖ್ಯಾರ್ಥದ ದಾನವಲ್ಲ, ಗೌಣಾರ್ಥದ್ದು ಎಂದು ಅವರಲ್ಲಿ ಬಲ್ಲವರು ಸಮಾಧಾನ ಹೇಳಿದ್ದಾರೆ. ಮನುಸ್ಮೃತಿಯನ್ನು ಹೆಣ್ಣುಮಕ್ಕಳ ವಿಷಯದಲ್ಲಿ ಮೆಚ್ಚುವವರು ಈ ಸಭೆಯಲ್ಲಿ ಹೆಚ್ಚಿರಲಾರರು; ಆದರೂ ಅದರ ಒಂಬತ್ತನೆಯ ಅಧ್ಯಾಯದಲ್ಲಿಯೇ, ಗುಣಹೀನನಿಗೆ ಕೊಡುವುದಕ್ಕಿಂತ ಪ್ರಾಯಕ್ಕೆ ಬಂದ ಮಗಳು ಸಾಯುವವರೆಗೂ ತಂದೆಯ ಮನೆಯಲ್ಲಿದ್ದರೂ ಇರಲಿ ಎಂದಿದೆ; ಪ್ರಾಯಕ್ಕೆ ಬಂದು ಮೂರು ವರ್ಷಗಳು ಕಳೆದ ಮೇಲೆ ಅವಳು ತಾನೇ ತನಗೆ ತಕ್ಕ ಗಂಡನನ್ನು ಪಡೆಯಬಹುದು ಎಂದೂ ಇದೆ. ಶಾಸ್ತ್ರವನ್ನು ಹಿಡಿದು ಮಗಳನ್ನು ಗದರಿಸುವ ತಂದೆಯು ಮುಂದಿನ ಪುಟವನ್ನು ತಿರುವಿಹಾಕುವುದಿಲ್ಲ.

ಅದಿರಲಿ. ಶಿವಾಚಾರದ ಮನೆಗೆ ಇಷ್ಟು ದೂರ ಹೋಗಬೇಕಾದ ಕಾರಣವೇ ಇಲ್ಲ. ಗಂಡುಮಗುವಿಗೆ ಹೇಗೋ ಹೆಣ್ಣುಮಗುವಿಗೂ ಹಾಗೆಯೇ ಲಿಂಗಧಾರಣವಾಗುತ್ತದೆ. ದೀಕ್ಷೆಯಲ್ಲಿ ಗುರುವು ಲಿಂಗವನ್ನು ಅವಳ ಅಂಗೈಯಲ್ಲಿಯೇ ಇಡುತ್ತಾನೆ. ತಂದೆಯ ಕೈಯಲ್ಲಿ ಇಟ್ಟು ಮಗಳಿಗೆ ಆಮೇಲೆ ಕೊಡು ಎನ್ನುವುದಿಲ್ಲ. ಅವಳ ಪೂಜೆಯನ್ನು ಅವಳೇ ಮಾಡಬೇಕು, ಅವಳ ಭವಕ್ಕೆ ಅವಳೇ ಹೊಣೆ. ಶಿವನನ್ನೇ ನಂಬಿ ಅವಳ ಕೈಗೆ ಕೊಟ್ಟ ತಂದೆಯು, ಒಬ್ಬ ಮನುಷ್ಯನ ವಿಷಯದಲ್ಲಿ ಅವಳಿಗೆ ಬುದ್ಧಿ ಸಾಲದೆನ್ನುವುದು ವಿಚಿತ್ರವಾಗಿ ತೋರುತ್ತದೆ.

ಉಡುತಡಿಯ ಮಹಾದೇವಿಯಕ್ಕನ ಚರಿತ್ರೆಯನ್ನು ಈ ಸಭೆಗೆ ಹೇಳಬೇಕಾದುದಿಲ್ಲ. ಆದರೆ ಅವಳ ಹೆತ್ತವರನ್ನು ಕುರಿತು ನಿಂತು ಯೋಚಿಸುವವರು ಕಡಿಮೆ. ಹರಿಹರನ ರಗಳೆಯಲ್ಲಿ ಅವರು ಶಿವಭಕ್ತರು. ಹರಕೆಹೊತ್ತು ಆ ಮಗಳನ್ನು ಪಡೆದವರು. ಕೌಶಿಕನು ಬೀದಿಯಲ್ಲಿ ಹೋಗುತ್ತ ಅವಳನ್ನು ಕಂಡು ಮೋಹಿಸಿ ಮಂತ್ರಿಗಳನ್ನು ಕಳುಹಿಸಿದಾಗ, ಭವಿಗೆ ಮಗಳನ್ನು ಕೊಡುವುದಿಲ್ಲವೆಂದು ಮೊದಲು ಅವರು ಗಟ್ಟಿಯಾಗಿಯೇ ನಿಂತರು. ಅರಸನು ಕೊಲ್ಲದೆ ಬಿಡನೆಂಬ ಬೆದರಿಕೆಯು ಬಂದಾಗ ಅವರ ಧೈರ್ಯವು ಕುಸಿಯಿತು. ಮಗಳ ಬಳಿಗೆ ಬಂದು, ತಮ್ಮ ಪ್ರಾಣವು ಉಳಿಯಬೇಕಾದರೆ ನೀನು ಒಪ್ಪಬೇಕು ಎಂದು ಬೇಡಿಕೊಂಡರು. ಹರಿಹರನು ಇಲ್ಲಿ ಹೆತ್ತವರ ಕೋಪವನ್ನು ಬಣ್ಣಿಸುವುದಿಲ್ಲ, ಭಯವನ್ನು ಬಣ್ಣಿಸುತ್ತಾನೆ. ಮತ್ತು ಆ ಮಹಾಕವಿಯು ಮನುಷ್ಯಸ್ವಭಾವವನ್ನು ಎಷ್ಟು ಚೆನ್ನಾಗಿ ಬಲ್ಲವನೆಂಬುದು ಇದರಿಂದಲೇ ಗೊತ್ತಾಗುತ್ತದೆ. ಏಕೆಂದರೆ ಪಡಸಾಲೆಯ ಕೋಪವನ್ನು ಸುಲಿದು ನೋಡಿದರೆ ಒಳಗೆ ಇರತಕ್ಕದ್ದು ಭಯವೇ. ಉಡುತಡಿಯ ತಂದೆಗೆ ಕೌಶಿಕನ ಕತ್ತಿಯ ಭಯವಿತ್ತು. ಇಂದಿನ ತಂದೆಗೆ ಬೀಗರ ನಾಲಗೆಯ ಭಯ, ಅಣ್ಣತಮ್ಮಂದಿರ ನಗೆಯ ಭಯ, ಕಿರಿಯ ಮಗಳಿಗೆ ವರನು ಸಿಗದೆ ಹೋದಾನೆಂಬ ಭಯ. ಭಯವನ್ನು ಒಪ್ಪಿಕೊಳ್ಳಲು ಗಂಡಸಿಗೆ ನಾಚಿಕೆಯಾಗುತ್ತದೆ, ಕೋಪಕ್ಕೆ ನಾಚಿಕೆಯಿಲ್ಲ. ಉಡುತಡಿಯ ಹೆತ್ತವರು ಒಂದು ವಿಷಯದಲ್ಲಿ ಇಂದಿನ ತಂದೆಗಿಂತ ಪ್ರಾಮಾಣಿಕರಾಗಿದ್ದರು. ತಾವು ಹೆದರಿದ್ದೇವೆಂದು ಮಗಳ ಮುಂದೆ ಬಾಯಿಬಿಟ್ಟು ಹೇಳಿದರು.

ಅವಳು ಅವರ ಪ್ರಾಣಕ್ಕಾಗಿ ಒಪ್ಪಿದಳು. ಆದರೆ ತನ್ನ ಲಿಂಗಪೂಜೆಗೂ ಗುರುಸೇವೆಗೂ ಮಾಹೇಶ್ವರರ ಗೋಷ್ಠಿಗೂ ಅಡ್ಡಬರಕೂಡದೆಂಬ ಕಟ್ಟುಪಾಡುಗಳನ್ನು ಹಾಕಿ ಒಪ್ಪಿದಳು. ಅರಸನು ಮೂರು ಸಲ ಮೀರಿದಾಗ ಅರಮನೆಯನ್ನು ತೊರೆದು ಹೊರಟಳು. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಮದುವೆಯೇ ಆಗಲಿಲ್ಲ. ಇವೆರಡರಲ್ಲಿ ಯಾವುದು ನಿಜವೆಂದು ಪಂಡಿತರು ಬಹುಕಾಲದಿಂದ ವಾದಿಸುತ್ತ ಬಂದಿದ್ದಾರೆ. ಆ ವಾದದಲ್ಲಿ ಕೆಲವೊಮ್ಮೆ ಅಕ್ಕನಿಗಿಂತ ಪಂಡಿತರ ಮಾನವೇ ದೊಡ್ಡದಾಗಿ ಕಾಣುತ್ತದೆ. ಇಲ್ಲಿಗೆ ಬೇಕಾದುದು ಮುಂದಿನ ಒಂದು ಸಂಗತಿಯು. ಅಕ್ಕನು ಶ್ರೀಶೈಲವನ್ನು ಸೇರಿದ ಮೇಲೆ ಹೆತ್ತವರು ಅವಳನ್ನು ಹುಡುಕಿಕೊಂಡು ಅಲ್ಲಿಗೆ ಬಂದರೆಂದು ಹರಿಹರನು ಹೇಳುತ್ತಾನೆ. ವಯಸ್ಸಾದ ದಂಪತಿಗಳು ಬೆಟ್ಟವನ್ನು ಹತ್ತಿ ಬಂದು ಮಗಳನ್ನು ಕಂಡು ಮರುಗಿದರು. ಅವಳು ಅವರಿಗೆ ಸಮಾಧಾನ ಹೇಳಿದಳೇ ಹೊರತು ಹಿಂದಿರುಗಿ ಹೋಗಲಿಲ್ಲ. ಭಯದಿಂದ ಕೊಟ್ಟ ಮಗಳನ್ನು ಪ್ರೀತಿಯಿಂದ ಕರೆದರೂ ಮರಳಿ ಪಡೆಯಲಾಗಲಿಲ್ಲ.

ತಮಿಳುನಾಡಿನ ಪುರಾತನರ ಚರಿತ್ರೆಯಲ್ಲಿ ಮತ್ತೊಬ್ಬ ತಂದೆಯು ಸಿಗುತ್ತಾನೆ. ಹನ್ನೆರಡನೆಯ ಶತಮಾನದಲ್ಲಿ ಸೇಕ್ಕಿಳಾರರು ಬರೆದ ಪೆರಿಯಪುರಾಣದಲ್ಲಿ ಸಂಗಿಲಿಯಾರ್ ಎಂಬ ಶಿವಭಕ್ತೆಯ ಕಥೆಯಿದೆ. ಕನ್ನಡಿಗರು ನಂಬಿಯಣ್ಣನೆಂದು ಕರೆಯುವ ಸುಂದರಮೂರ್ತಿಗಳ ಮಡದಿಯರಲ್ಲಿ ಒಬ್ಬಳಾದವಳು ಇವಳೇ. ಞಾಯಿರು ಎಂಬ ಊರಿನ ಒಕ್ಕಲಿನ ಮನೆತನದ ಮಗಳು. ಹೆತ್ತವರು ಮದುವೆಯ ಮಾತನ್ನು ತೆಗೆದಾಗ ಹುಡುಗಿಯು ಮೂರ್ಛೆಹೋದಳು. ಎಚ್ಚತ್ತು, ಶಿವನ ಕೃಪೆಗೆ ಪಾತ್ರನಾದವನಿಗೆ ಮೀಸಲಾದವಳು ನಾನು, ನಿಮ್ಮ ಈ ಯೋಚನೆಯು ನನಗೆ ಒಪ್ಪುವುದಿಲ್ಲ, ನಾನು ಒಟ್ರಿಯೂರಿನಲ್ಲಿ ಶಿವಸೇವೆಯಲ್ಲಿ ಇರುವೆನು ಎಂದಳು. ತಂದೆಯು ಮೊದಲು ಈ ಮಾತನ್ನು ಹೊರಗೆ ಹೋಗದಂತೆ ಮುಚ್ಚಿಟ್ಟನು. ಲೋಕದ ತಂದೆಗಳೆಲ್ಲ ಮಾಡುವುದೇ ಅದು. ಅಷ್ಟರಲ್ಲಿ ಅವಳನ್ನು ಕೇಳಿಬಂದ ಕಡೆಯಲ್ಲಿ ಸಾವು ಸಂಭವಿಸಿತೆಂದು ಪುರಾಣವು ಹೇಳುತ್ತದೆ. ಆಗ ತಂದೆಯು ಬಂಧುಗಳೊಡನೆ ಮಗಳನ್ನು ಚೆನ್ನೈಯ ಬಡಗಣ ದಿಕ್ಕಿನಲ್ಲಿರುವ ತಿರುವೊಟ್ರಿಯೂರಿಗೆ ಕರೆದುಕೊಂಡು ಹೋಗಿ, ದೇವಾಲಯದ ಸಮೀಪದಲ್ಲಿ ಅವಳಿಗಾಗಿ ಒಂದು ಕನ್ಯಾಮಠವನ್ನು ಕಟ್ಟಿಸಿ, ಜೀವನಕ್ಕೆ ಬೇಕಾದ ಏರ್ಪಾಡನ್ನು ಮಾಡಿಕೊಟ್ಟು, ನಮಸ್ಕರಿಸಿ ಹಿಂದಿರುಗಿದನು. ಅವಳು ಅಲ್ಲಿ ದೇವರಿಗೆ ಹೂಮಾಲೆಗಳನ್ನು ಕಟ್ಟುತ್ತಿದ್ದಳು. ಮಗಳ ಮದುವೆಗೆ ಚಪ್ಪರ ಹಾಕಿಸಲು ಕೂಡಿಟ್ಟ ಹಣದಿಂದ ಮಗಳಿಗೆ ಮಠವನ್ನು ಕಟ್ಟಿಸಿದ ಆ ತಂದೆಯ ಮನಸ್ಸಿನಲ್ಲಿ ಅಂದು ಏನಿದ್ದಿರಬೇಕು! ಪುರಾಣಕಾರರು ಅದನ್ನು ಹೇಳದೆ ಮುಂದೆ ಹೋಗಿದ್ದಾರೆ. ಅವರಿಗೆ ಸುಂದರಮೂರ್ತಿಗಳ ಬಳಿಗೆ ಹೋಗುವ ಅವಸರ.

ಕಲ್ಯಾಣದಲ್ಲಿ ಮಧುವರಸರು ಹರಳಯ್ಯನವರ ಮನೆಗೆ ಮಗಳನ್ನು ಕೊಟ್ಟು, ಆ ಇಬ್ಬರು ತಂದೆಗಳೂ ಬಿಜ್ಜಳನ ಶಿಕ್ಷೆಗೆ ಒಳಗಾಗಿ ಪ್ರಾಣಬಿಟ್ಟ ಸಂಗತಿಯನ್ನು ಇಲ್ಲಿ ನೆನೆಯದೆ ಇರಲಾಗುವುದಿಲ್ಲ. ಲೋಕದ ಕೋಪಕ್ಕೆ ಹೆದರದ ತಂದೆಗಳು ಅವರು. ಆದರೂ ಒಂದು ಮಾತನ್ನು ಅಳುಕದೆ ಹೇಳಬೇಕು. ಆ ಕಥೆಯನ್ನು ಹೇಳುವವರನ್ನು ತಂದೆಗಳ ಹೆಸರು ಕೇಳಿದರೆ ಥಟ್ಟನೆ ಹೇಳುತ್ತಾರೆ. ಮದುಮಗಳ ಹೆಸರನ್ನು ಕೇಳಿದರೆ ತಡವರಿಸುತ್ತಾರೆ.

ಕೋಪದ ಪರಮಾವಧಿಯನ್ನು ನೋಡಬೇಕಾದರೆ ಎಲ್ಲಿಗೂ ಹೋಗಬೇಕಾದುದಿಲ್ಲ. ಮದುವೆಯ ಮನೆಯಲ್ಲಿಯೇ ನೋಡಬಹುದು. ವೀರಭದ್ರನ ಒಕ್ಕಲಿನ ಮನೆಗಳಲ್ಲಿ ಮದುವೆಗೆ ಮುಂಚೆ ಗುಗ್ಗುಳವನ್ನು ಹೊರಡಿಸುತ್ತಾರೆ. ಪುರವಂತರು ಕಾಸೆಯುಟ್ಟು, ಕತ್ತಿಯನ್ನು ಹಿಡಿದು, ಸಮ್ಮಾಳದ ನಾದಕ್ಕೆ ಕುಣಿಯುತ್ತ ಒಡಪುಗಳನ್ನು ಹೇಳುತ್ತಾರೆ. ಆ ಒಡಪುಗಳಲ್ಲಿ ಬರುವುದು ಯಾವ ಕಥೆ? ದಕ್ಷಬ್ರಹ್ಮನ ಕಥೆಯು. ಮಗಳು ಮನಸ್ಸಿಟ್ಟು ಕೈಹಿಡಿದ ಗಂಡನನ್ನು ಒಪ್ಪಲಾರದ ತಂದೆಯ ಕಥೆಯು. ದಕ್ಷನು ಕೆಟ್ಟವನೆಂದು ಪುರಾಣಗಳು ಹೇಳುವುದಿಲ್ಲ. ಪ್ರಜಾಪತಿಗಳಲ್ಲಿ ಹಿರಿಯನು, ಕರ್ಮಕುಶಲನು, ಅವನ ಹೆಸರಿನ ಅರ್ಥವೇ ಸಮರ್ಥನೆಂದು. ಸುಡುಗಾಡಿನಲ್ಲಿ ತಿರುಗುವ, ಹೆಸರಿಲ್ಲದ ಕುಲದ, ತನ್ನನ್ನು ಕಂಡು ಎದ್ದು ನಿಲ್ಲದ ಅಳಿಯನು ಅವನಿಗೆ ಸಹಿಸಲಿಲ್ಲ. ಹೊಡೆಯಲಿಲ್ಲ, ಯಜ್ಞಕ್ಕೆ ಲೋಕವನ್ನೆಲ್ಲ ಕರೆದು ಮಗಳಿಗೆ ಮಾತ್ರ ಹೇಳಿಕಳುಹಿಸಲಿಲ್ಲ. ತವರಿನ ಹಂಬಲವು ತಡೆಯಲಾರದೆ ದಾಕ್ಷಾಯಣಿಯು ಕರೆಯದೆಯೇ ಬಂದಳು. ತಂದೆಯು ಮೋರೆಯನ್ನು ತಿರುಗಿಸಿಕೊಂಡನು. ಆಮೇಲೆ ನಡೆದುದನ್ನು ಎಲ್ಲರೂ ಬಲ್ಲರು.

ವೀರಭದ್ರನು ಬಂದು ದಕ್ಷನ ತಲೆಯನ್ನು ತರಿದನೆಂಬಲ್ಲಿಗೆ ಕೇಳುವವರ ಮೈ ಜುಮ್ಮೆನ್ನುತ್ತದೆ. ಅದಕ್ಕಿಂತ ಮುಂದಿನದನ್ನು ಗಮನಿಸಬೇಕು. ಶಿವನು ಕರುಣಿಸಿ ದಕ್ಷನಿಗೆ ಹೋತಿನ ತಲೆಯನ್ನು ಕೊಟ್ಟು ಬದುಕಿಸಿದನು. ಯಜ್ಞವೂ ಪೂರ್ತಿಯಾಯಿತು. ತಂದೆಗೆ ತಲೆಯು ಬಂದಿತು, ಪ್ರಾಣವು ಬಂದಿತು, ಮಾನವೂ ಬಂದಿತು, ಮಗಳು ಬರಲಿಲ್ಲ. ಅವಳು ಮತ್ತೆ ಹುಟ್ಟಿದಳು, ನಿಜ. ಆದರೆ ದಕ್ಷನ ಮನೆಯಲ್ಲಿ ಅಲ್ಲ. ಹಿಮವಂತನ ಮನೆಯಲ್ಲಿ, ಅವಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಏಕೆಂದು ಕೇಳಬಲ್ಲ ತಂದೆಯ ಮನೆಯಲ್ಲಿ ಹುಟ್ಟಿದಳು. ಪುರವಂತನು ಇದನ್ನು ಹೇಳಿ ಕುಣಿಯುವಾಗ ಯಜಮಾನನು ಮುಂಡಾಸವನ್ನು ಸುತ್ತಿಕೊಂಡು ಎದುರಿಗೇ ನಿಂತಿರುತ್ತಾನೆ. ಒಡಪಿಗೆ ಮೆಚ್ಚಿ ಕಾಣಿಕೆಯನ್ನೂ ಕೊಡುತ್ತಾನೆ. ದಕ್ಷನೆಂದರೆ ತಾನಿರಬಹುದೆಂದು ಅವನಿಗೆ ತೋರುವುದಿಲ್ಲ.

ಇದು ಬರಿಯ ಪುರಾಣವೆಂದು ಯಾರೂ ತಿಳಿಯಕೂಡದು. ತಮ್ಮ ಮಾತನ್ನು ಮೀರಿದಳೆಂದು ಹೆತ್ತ ಮಗಳನ್ನು ಹೆತ್ತವರೇ ಕೊಂದ ವರ್ತಮಾನಗಳು ಇಂದಿನ ಪತ್ರಿಕೆಗಳಲ್ಲಿಯೂ ಬರುತ್ತಿವೆ. ಬಸವಣ್ಣನವರ ನಾಡು ಇದಕ್ಕೆ ಹೊರತಾಗಿಲ್ಲ. ಅದಕ್ಕೆ ಮಾನದ ಹೆಸರನ್ನು ಕೊಡುತ್ತಾರೆ. ದಯೆಯಿಲ್ಲದ ಕಡೆಯಲ್ಲಿ ಧರ್ಮವೇ ಇರಲಾರದೆಂದು ಕಲಿತ ಜನರಲ್ಲಿ ಮಾನವು ಎಲ್ಲಿಂದ ಇದ್ದೀತು? ಕೊಂದವರಲ್ಲಿ ಒಬ್ಬನೂ ಆ ದಿನ ಬೆಳಗಿನಲ್ಲಿ ಕೊಲ್ಲಬೇಕೆಂದು ಎದ್ದಿರಲಿಲ್ಲವೆಂದು ವಾದಿಸುವವರುಂಟು. ಇರಬಹುದು. ತಣಿಗೆಯನ್ನು ನೂಕಿದ ಕೈಯು ಯಾವಾಗ ಏನನ್ನು ಹಿಡಿಯುವುದೆಂಬುದನ್ನು ಆ ಕೈಯುಳ್ಳವನೂ ಅರಿಯನು; ಭೀತಿಯಿರುವುದು ಅಲ್ಲಿಯೇ.

ರಾಜ್ಯದ ಕಾಯಿದೆಗಳು ಈ ವಿಷಯದಲ್ಲಿ ಬಹಳ ದೂರ ನಡೆದುಬಂದಿವೆ. ಮುಂಬಯಿಯ ರಖಮಾಬಾಯಿಯವರು ಹನ್ನೊಂದನೆಯ ವಯಸ್ಸಿನಲ್ಲಿ ಮದುವೆಯಾದವರು; ಬುದ್ಧಿಬಲಿತ ಮೇಲೆ ಗಂಡನ ಮನೆಗೆ ಹೋಗಲೊಲ್ಲೆನೆಂದರು. ಗಂಡನು 1884 ರಲ್ಲಿ ಹೈಕೋರ್ಟಿನಲ್ಲಿ ದಾವೆ ಹೂಡಿದನು. 1885 ರಲ್ಲಿ ತೀರ್ಪು ಆಕೆಯ ಕಡೆಗಾಯಿತು. 1887 ರಲ್ಲಿ ತಿರುಗಿ, ಗಂಡನ ಮನೆಗೆ ಹೋಗಬೇಕು ಇಲ್ಲವೆ ಆರು ತಿಂಗಳು ಸೆರೆಮನೆಗೆ ಹೋಗಬೇಕು ಎಂದಾಯಿತು. ಸೆರೆಮನೆಯೇ ಆಗಲಿ ಎಂದರು. ಕಡೆಗೆ 1888 ರಲ್ಲಿ ಗಂಡನು ಹಣವನ್ನು ತೆಗೆದುಕೊಂಡು ಸುಮ್ಮನಾದನು. ಆಕೆಯು ಇಂಗ್ಲೆಂಡಿಗೆ ಹೋಗಿ ವೈದ್ಯವಿದ್ಯೆಯನ್ನು ಕಲಿತು, ಸೂರತ್ತು ರಾಜಕೋಟೆಗಳಲ್ಲಿ ಹೆಂಗಸರಿಗೆ ಚಿಕಿತ್ಸೆ ಮಾಡುತ್ತ ಬಾಳಿ 1955 ರಲ್ಲಿ ದೇಹವನ್ನು ಬಿಟ್ಟರು. ಹೆತ್ತ ತಂದೆಯು ಚಿಕ್ಕಂದಿನಲ್ಲಿಯೇ ತೀರಿಹೋಗಿದ್ದನು. ಅವರ ಪಕ್ಷವನ್ನು ಹಿಡಿದು ನಿಂತವರು ಮಲತಂದೆಯಾದ ಡಾಕ್ಟರ್ ಸಖಾರಾಮ ಅರ್ಜುನರು.

ಮೈಸೂರು ಸಂಸ್ಥಾನದಲ್ಲಿ 1894 ರಲ್ಲಿಯೇ ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು ನಿಷೇಧಿಸಿದರು. 1929 ರ ಶಾರದಾ ಕಾಯಿದೆಯಲ್ಲಿ ಹುಡುಗಿಯ ವಯಸ್ಸು ಹದಿನಾಲ್ಕಾಯಿತು. 1978 ರಲ್ಲಿ ಹದಿನೆಂಟಾಯಿತು. ರಖಮಾಬಾಯಿಯವರು ತೀರಿಕೊಂಡ 1955 ರಲ್ಲಿಯೇ ಬಂದ ಹಿಂದೂ ವಿವಾಹ ಕಾಯಿದೆಯಲ್ಲಿ, ಅದು ಯಾರಿಗೆ ಅನ್ವಯಿಸುವುದೆಂದು ಹೇಳುವಾಗ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ಸ್ಪಷ್ಟವಾಗಿ ಎತ್ತಿ ಹೇಳಿದ್ದಾರೆ. ಬಲಾತ್ಕಾರದಿಂದ ಒಪ್ಪಿಗೆಯನ್ನು ಪಡೆದು ನಡೆಸಿದ ಮದುವೆಯನ್ನು ನ್ಯಾಯಾಲಯವು ರದ್ದುಪಡಿಸಬಹುದು ಎಂಬುದೂ ಅದರಲ್ಲಿದೆ. ಪ್ರಾಪ್ತವಯಸ್ಕರಾದ ಇಬ್ಬರು ತಾವಾಗಿ ಒಪ್ಪಿದ ಮದುವೆಗೆ ಮನೆತನದ ಅಥವಾ ಕುಲದ ಅಪ್ಪಣೆಯು ಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018 ರಲ್ಲಿ ಹೇಳಿದೆ. ಇಷ್ಟೆಲ್ಲ ಇದ್ದರೂ ಕಾಯಿದೆಯು ಪಡಸಾಲೆಯ ಹೊಸ್ತಿಲನ್ನು ದಾಟುವುದು ಎಲ್ಲವೂ ಕೆಟ್ಟುಹೋದ ಮೇಲೆಯೇ.

ತಂದೆಯ ಪಕ್ಷವನ್ನೂ ಹೇಳಬೇಕು. ಹೇಳದಿದ್ದರೆ ಈ ವಿಚಾರವು ಅರೆಯಾದೀತು. ಹುಡುಗಿಯು ಒಲ್ಲೆನೆಂದುದೆಲ್ಲವೂ ಸರಿಯೆಂದು ಯಾರೂ ಹೇಳಲಾರರು. ಮಹಾಭಾರತದ ವನಪರ್ವದಲ್ಲಿ ಅಶ್ವಪತಿಯು ಮಗಳಾದ ಸಾವಿತ್ರಿಗೆ, ನೀನೇ ಹೋಗಿ ವರನನ್ನು ಆರಿಸಿಕೊಂಡು ಬಾ ಎಂದು ರಥವನ್ನು ಕೊಟ್ಟು ಕಳುಹಿಸಿದನು. ಅವಳು ಆರಿಸಿಕೊಂಡು ಬಂದುದು ರಾಜ್ಯವಿಲ್ಲದವನ, ಕುರುಡನಾದವನ ಮಗನನ್ನು. ಅವನ ಆಯುಷ್ಯವೂ ಒಂದೇ ವರ್ಷವೆಂದು ನಾರದರು ಹೇಳಿದರು. ಮತ್ತೊಬ್ಬನನ್ನು ಆರಿಸಿಕೋ ಎಂದು ತಂದೆಯು ಹೇಳಿದನು. ಹೇಳದೆ ಇರುವ ತಂದೆಯು ಯಾರು? ಅವಳು ಒಲ್ಲೆನೆಂದಳು. ಅಶ್ವಪತಿಯ ಎದೆಯು ಒಡೆದಿರಬೇಕು. ಲೋಕದ ಲೆಕ್ಕದಲ್ಲಿ ಅವನ ಮಾತೇ ಸರಿ, ಅವಳದು ತಪ್ಪು. ಆದರೂ ಅವನು ತಾನೇ ಕಾಡಿಗೆ ಹೋಗಿ ಆ ಕುರುಡ ಬೀಗನ ಮುಂದೆ ನಿಂತು ಮಗಳನ್ನು ಒಪ್ಪಿಸಿ ಬಂದನು. ತನ್ನ ಅನುಭವವನ್ನು ಹೇಳುವುದು ತಂದೆಯ ಧರ್ಮವು; ಹೇಳಿದ ಮೇಲೆಯೂ ಮಗಳು ಒಪ್ಪದಿದ್ದರೆ ಅವಳ ತವರಾಗಿ ಉಳಿಯುವುದೂ ಅವನದೇ. ಈ ಎರಡನೆಯದು ಮೊದಲನೆಯದಕ್ಕಿಂತ ಹತ್ತು ಪಾಲು ಕಷ್ಟ.

ಕಡೆಯದಾಗಿ, ಮಾಡಬೇಕಾದ ಕೆಲಸವನ್ನು ಕುರಿತು ಎರಡು ಮಾತು. ಹುಡುಗಿಯನ್ನು ಕೇಳದೆ ವೀಳ್ಯವನ್ನು ಹಿಡಿಯಬಾರದೆಂಬುದು ಸ್ಪಷ್ಟವೇ. ಕೇಳುವಾಗಲೂ ಬೀಗರು ಪಡಸಾಲೆಯಲ್ಲಿ ಕುಳಿತಿರುವಾಗ, ‘ಹೂಂ ಅನ್ನು’ ಎಂದು ಒಳಗಿನಿಂದ ತಾಯಿಯ ಕೈಯಲ್ಲಿ ಚಿವುಟಿಸಿ ಕೇಳುವುದು ಕೇಳಿದಂತಾಗುವುದಿಲ್ಲ. ಹಿಡಿದುದೇ ಆಗಿಹೋಗಿದ್ದರೆ, ಹಿಂದಕ್ಕೆ ಕೊಡಬೇಕು. ಇಲ್ಲಿ ಹೆಚ್ಚಿನವರು ಒಂದು ಸುಳ್ಳನ್ನು ಹುಡುಕುತ್ತಾರೆ: ಹುಡುಗಿಗೆ ಮೈಯಲ್ಲಿ ನೆಟ್ಟಗಿಲ್ಲವೆನ್ನುತ್ತಾರೆ, ಕೂಡಾವಳಿ ಬರಲಿಲ್ಲವೆನ್ನುತ್ತಾರೆ. ಮೊದಲನೆಯ ಸುಳ್ಳು ಅವಳನ್ನು ಮುಂದೆ ಹತ್ತು ಊರುಗಳಲ್ಲಿ ರೋಗಿಷ್ಠಳನ್ನಾಗಿ ಮಾಡುತ್ತದೆ. ‘ಹುಡುಗಿಗೆ ಮನಸ್ಸಿಲ್ಲ, ಕೇಳದೆ ಮಾತು ಕೊಟ್ಟದ್ದು ನನ್ನ ತಪ್ಪು’ ಎಂಬ ನಿಜವು ಎಲ್ಲಕ್ಕಿಂತ ಹಗುರಾದುದು. ಒಬ್ಬನೇ ಹೋಗಿ ಹೇಳಲು ಧೈರ್ಯವು ಸಾಲದಿದ್ದರೆ ಊರಿನ ಮಠದ ಅಯ್ಯನವರನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಮದುವೆಯಲ್ಲಿ ಅಕ್ಷತೆ ಹಾಕಲು ಬರುವ ಅಯ್ಯನವರು ಇದಕ್ಕೂ ಬರತಕ್ಕವರೇ. ಬರಲೊಲ್ಲೆನೆಂದರೆ ಅದು ಮಠಕ್ಕೆ ಕೊರತೆಯು. ಕೊಟ್ಟ ಸೀರೆ, ಒಡವೆ, ವೀಳ್ಯದ ಖರ್ಚು ಇದ್ದರೆ ಎಣಿಸಿ ಮುಟ್ಟಿಸಬೇಕು. ವರನ ಮನೆಯವರು ಎರಡು ಬಿರುಸಾದ ಮಾತುಗಳನ್ನು ಆಡಿಯಾರು. ಆಡಲಿ, ಕೇಳಿಕೊಂಡು ಬರಬೇಕು. ಆ ಮನೆಯಲ್ಲಿಯೂ ಹೆಣ್ಣುಮಕ್ಕಳಿರುತ್ತಾರೆ; ಅವರು ಒಳಗೆ ಬಾಗಿಲ ಮರೆಯಲ್ಲಿ ನಿಂತು, ಬಂದ ಹಿರಿಯನು ಏನು ಹೇಳುತ್ತಾನೆಂದು ಕೇಳಿಸಿಕೊಳ್ಳುತ್ತಿರುತ್ತಾರೆ.